ಕಣಿಕೆಯೊಳಗಿನ ಗೋಡೆ

ದಾಳಿಂಬದ ಕಡೆ ಜೋಳದ ಕಣಿಕೆ ಎಂದರೂ ಸರಿ, ಮರಾಠಿಯಲ್ಲಿ ಕಡಬಾ ಎಂದರೂ ಸರಿ, ಎತ್ತಿನ ಮುಂದೆ ಹಾಕಿದರೆ ಆಗುವುದು ಒಂದೇ. ರವದಿ ಮೊದಲು ಖಾಲಿಯಾಗುತ್ತದೆ, ಬುಡದ ದಂಟು ಗೋದಲಿಯಲ್ಲೇ ಉಳಿಯುತ್ತದೆ. ಏಕೆ?

ಗಿಡವೆಂದರೆ ಲಕ್ಷಾಂತರ ಸಣ್ಣ ಕೋಣೆಗಳು. ಇವೇ ಜೀವಕೋಶಗಳು. ಪ್ರತಿ ಕೋಣೆಗೂ ಗೋಡೆಯುಂಟು. ಗೋಡೆಯಲ್ಲಿ ಸೆಲ್ಯುಲೋಸ್ ಎಂಬ ಎಳೆಗಳಿವೆ, ಅವನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್ ಇದೆ. ಬೆಳೆ ಬಲಿತಂತೆ ಸಂದಿಗಳಲ್ಲಿ ಲಿಗ್ನಿನ್ ಎಂಬುದು ಗಚ್ಚಿನಂತೆ ಗಟ್ಟಿಯಾಗುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲಿನ ಎರಡನ್ನು ಕರಗಿಸಬಲ್ಲವು. ಲಿಗ್ನಿನ್ ಅವುಗಳಿಗೆ ಬಗ್ಗದು. ಅಷ್ಟೇ ಅಲ್ಲ, ಉಳಿದೆರಡನ್ನೂ ಮುಚ್ಚಿಕೊಂಡು ಕೂಡುತ್ತದೆ.

ಇದನ್ನು ನೋಡುವುದು ಹೇಗೆ? ದಂಟಿನ ತೆಳುವಾದ ಬಿಲ್ಲೆ ಕೊಯ್ದು ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಲಿಗ್ನಿನ್ ಇರುವ ಕಡೆ ಕೆಂಪೇರುತ್ತದೆ. ಎಷ್ಟಿದೆ ಎಂದು ತಿಳಿಯಲು ಅಮೆರಿಕದ ಪೀಟರ್ ವಾನ್ ಸೋಯೆಸ್ಟ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕಣಿಕೆಯ ಪುಡಿಯನ್ನು ಸಾಬೂನಿನಂಥ ದ್ರಾವಣದಲ್ಲಿ ಒಂದು ತಾಸು ಕುದಿಸುತ್ತಾರೆ. ಕೋಣೆಯೊಳಗಿನ ಸಕ್ಕರೆ, ಸಸಾರಜನಕ ಹೊರಹೋಗಿ ಗೋಡೆ ಉಳಿಯುತ್ತದೆ. ಆಮ್ಲ ಬೆರೆತ ಇನ್ನೊಂದು ದ್ರಾವಣದಲ್ಲಿ ಕುದಿಸಿದರೆ ಹೆಮಿಸೆಲ್ಯುಲೋಸ್ ಹೋಗುತ್ತದೆ. ಕೊನೆಗೆ ನೂರಕ್ಕೆ 72ರ ಗಂಧಕಾಮ್ಲ ಸೆಲ್ಯುಲೋಸನ್ನು ಕರಗಿಸುತ್ತದೆ. ಉಳಿದದ್ದನ್ನು ತೂಗಿ, ಸುಟ್ಟು, ಬೂದಿಯ ತೂಕ ಕಳೆದರೆ ಲಿಗ್ನಿನ್ ಲೆಕ್ಕ ಸಿಗುತ್ತದೆ. ಪ್ರತಿ ಹೆಜ್ಜೆಗೂ ತೂಕ, ಪ್ರತಿ ಹೆಜ್ಜೆಗೂ ವಜಾಬಾಕಿ. ಬ್ಯಾಂಕಿನಲ್ಲಿ ಕಿರ್ದಿ ಬರೆದ ನನಗೆ ಇದಕ್ಕಿಂತ ಸುಲಭದ ರಸಾಯನಶಾಸ್ತ್ರ ಕಂಡಿಲ್ಲ.

ಇನ್ನೊಂದು ಪರೀಕ್ಷೆ ಸ್ವಾರಸ್ಯದ್ದು. ದನದ ಹೊಟ್ಟೆಯ ರಸವನ್ನೇ ತೆಗೆದು, ಕಣಿಕೆಯ ಪುಡಿಯೊಂದಿಗೆ ಗಾಜಿನ ಸಿರಿಂಜಿನಲ್ಲಿ 39 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಹುಟ್ಟುವ ಅನಿಲ ಸಿರಿಂಜಿನ ದಂಡವನ್ನು ಮೇಲೆ ತಳ್ಳುತ್ತದೆ. ಎಷ್ಟು ಏರಿತು ಎಂಬುದರಿಂದ ಎಷ್ಟು ಜೀರ್ಣವಾದೀತು ಎಂದು ಅಂದಾಜಿಸುತ್ತಾರೆ.

ಹೈದರಾಬಾದ್ ಪೇಟೆಗೆ ಮಾರಾಟಕ್ಕೆ ಬರುವ ಜೋಳದ ಕಣಿಕೆಯನ್ನು ಪಟಾನ್‌ಚೆರುವಿನ ವಿಜ್ಞಾನಿಗಳು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೀರ್ಣವಾಗುವ ಭಾಗ ನೂರಕ್ಕೆ ಸುಮಾರು 47ರಿಂದ 52ರವರೆಗೆ ಇತ್ತು. ಬರೀ ಐದರ ಅಂತರ! ಆದರೆ ಮೇಲಿನದಕ್ಕೆ ಗಿರಾಕಿಗಳು ಸುಮಾರು ಕಾಲು ಭಾಗ ಹೆಚ್ಚು ಬೆಲೆ ಕೊಡುತ್ತಿದ್ದರು. ಹಾಲಿನವರ ಕೈಯಲ್ಲಿ ಆಮ್ಲದ ಶೀಸೆ ಇರಲಿಲ್ಲ, ಸಿರಿಂಜೂ ಇರಲಿಲ್ಲ. ಆದರೂ ಪ್ರಯೋಗಾಲಯ ಹೇಳಿದ್ದನ್ನೇ ಅವರೂ ಹೇಳಿದ್ದರು.

ಅಲ್ಲಿ ಈಗ ಜೋಳದ ತಳಿ ಆರಿಸುವಾಗ ಕಾಳಿನ ಜೊತೆ ಕಣಿಕೆಯ ಗುಣವನ್ನೂ ನೋಡುತ್ತಾರೆ. ಬರುವ ಹಿಂಗಾರಿಗೆ ಬೀಜ ಕೊಳ್ಳುವಾಗ ಅಂಗಡಿಯವರನ್ನು ಎಕರೆಗೆ ಎಷ್ಟು ಚೀಲ ಎಂದು ಹೇಗೂ ಕೇಳುತ್ತೀರಿ. ಇದರ ಕಣಿಕೆಯನ್ನು ದನ ಬುಡದವರೆಗೂ ತಿನ್ನುತ್ತದೆಯೇ ಎಂದೂ ಕೇಳಿರಿ.