ಕಡಲಿಗಿಳಿಯುವ ಮೊದಲು ಮನೆಯಲ್ಲೇ ಪಾಠ

ಮುಂದಿನ ರಜೆಯಲ್ಲಿ ಅಂಡಮಾನಿಗೋ, ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೋ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ನಡುವೆ ಈಜುವ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಬೋಧಕರ ಕೈ ಹಿಡಿದು ಒಂದು ಸಲ ಮುಳುಗಿ ಬರುವುದಕ್ಕೆ ಪ್ರಮಾಣಪತ್ರ ಬೇಕಿಲ್ಲ. ಆದರೆ ಜೊತೆಗಾರನೊಬ್ಬನೊಡನೆ ಸ್ವತಂತ್ರವಾಗಿ 18 ಮೀಟರ್ ಆಳದವರೆಗೆ ಇಳಿಯಬೇಕೆಂದರೆ 'ಓಪನ್ ವಾಟರ್ ಡೈವರ್' ಎಂಬ ಆರಂಭಿಕ ತರಬೇತಿ ಮುಗಿಸಬೇಕು. ಹತ್ತು ವರ್ಷ ತುಂಬಿದವರು ಇದಕ್ಕೆ ಸೇರಬಹುದು. ಚಿಕ್ಕವರಿಗೆ ಆಳದ ಮಿತಿ ಇನ್ನೂ ಕಡಿಮೆ.

ತರಬೇತಿಯಲ್ಲಿ ಮೂರು ಭಾಗಗಳಿವೆ. ಮೊದಲು ಪಾಠ, ಆಮೇಲೆ ಈಜುಕೊಳದಲ್ಲಿ ಅಥವಾ ಆಳವಿಲ್ಲದ ನೀರಿನಲ್ಲಿ ಅಭ್ಯಾಸ, ಕೊನೆಗೆ ಕಡಲಿನಲ್ಲಿ ನಾಲ್ಕು ಮುಳುಗುಗಳು. ಹಿಂದೆ ಪಾಠವೂ ಕಡಲತೀರದ ಕೊಠಡಿಯಲ್ಲೇ ನಡೆಯುತ್ತಿತ್ತು. ರಜೆಗೆಂದು ಬಂದವರು ಹೊರಗೆ ಅಲೆಗಳ ಸದ್ದು ಕೇಳುತ್ತ, ಒಳಗೆ ಪುಸ್ತಕ ಹಿಡಿದು ಕೂರಬೇಕಾಗಿತ್ತು. ಈಗ ಪ್ಯಾಡಿಯಂಥ ಸಂಸ್ಥೆಗಳು ಈ ಪಾಠವನ್ನು ಅಂತರ್ಜಾಲದ ಮೂಲಕವೇ ಕೊಡುತ್ತವೆ. ಮನೆಯಲ್ಲಿ ಕೂತು ಓದಿ, ಪ್ರತಿ ಅಧ್ಯಾಯದ ಪ್ರಶ್ನೆಗಳಿಗೆ ಉತ್ತರಿಸಿ, ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 75 ಅಂಕ ಪಡೆದು ಊರು ಬಿಡಬಹುದು. ರಜೆಯ ಒಂದೆರಡು ದಿನ ಉಳಿಯುತ್ತದೆ.

ಅಪಾಯವೂ ಇಲ್ಲೇ ಇದೆ. ಪರದೆಯ ಮೇಲಿನ ಪಾಠವನ್ನು ಸರಸರನೆ ಸರಿಸಿ, ಉತ್ತರಗಳನ್ನು ಊಹಿಸಿ ಮುಗಿಸಿಬಿಡುವುದು ಕಷ್ಟವೇನಲ್ಲ. ಆದರೆ ಆ ಪಾಠದ ಮುಖ್ಯ ಭಾಗ ನೀವು ಶಾಲೆಯಲ್ಲಿ ಓದುವ ಭೌತಶಾಸ್ತ್ರವೇ ಎಂಬುದನ್ನು ಗಮನಿಸಿ.

ಒಂದು ತಂಬಿಗೆಯನ್ನು ಬೋರಲು ಹಿಡಿದು, ತುಂಬಿದ ಆಳವಾದ ಬಾವಿಗೆ ನೇರವಾಗಿ ಇಳಿಸುತ್ತೀರಿ ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ಆಳಕ್ಕೆ ಹೋಗುವ ಹೊತ್ತಿಗೆ ಅದರೊಳಗಿನ ಗಾಳಿ ಸುಮಾರು ಅರ್ಧಕ್ಕೆ ಕುಗ್ಗಿರುತ್ತದೆ. ಮೇಲೆ ಗಾಳಿಯ ಒತ್ತಡ ಒಂದು ವಾಯುಭಾರ. ಹತ್ತು ಮೀಟರ್ ನೀರು ಇನ್ನೊಂದನ್ನು ಸೇರಿಸುತ್ತದೆ. ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ. ಬಾಯ್ಲ್ ನಿಯಮ ಎಂದು ನೀವು ಬಾಯಿಪಾಠ ಮಾಡಿದ್ದು ಇದನ್ನೇ.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗನ್ಯಾನ್ ರೂಪಿಸಿದ ಸ್ಕೂಬಾ ಉಪಕರಣದ ಜಾಣತನವೆಂದರೆ, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಬಾಯಿಗೆ ಕೊಡುತ್ತದೆ. ಆದ್ದರಿಂದ ಆಳದಲ್ಲೂ ಎದೆ ಸಲೀಸಾಗಿ ಉಬ್ಬುತ್ತದೆ. ಈಗ ಹತ್ತು ಮೀಟರ್ ಆಳದಲ್ಲಿ ಪೂರ್ತಿ ಉಸಿರು ಎಳೆದುಕೊಂಡು, ಗಾಬರಿಯಿಂದ ಬಾಯಿ ಬಿಗಿಹಿಡಿದು ಮೇಲೇರಿದರೆ ಏನಾಗುತ್ತದೆ? ಶ್ವಾಸಕೋಶದಲ್ಲಿರುವ ಗಾಳಿ ಇಮ್ಮಡಿ ಜಾಗ ಕೇಳುತ್ತದೆ. ಅಷ್ಟು ಜಾಗವಿಲ್ಲ. ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳಿಗೂ ಹೋಗಬಹುದು. ಇದಕ್ಕೆ ಹೆಚ್ಚು ಆಳವೂ ಬೇಕಿಲ್ಲ. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಬರುವಾಗ ಗಾಳಿ ಹಿಗ್ಗುವುದು ಮೂರನೇ ಒಂದರಷ್ಟು ಮಾತ್ರ; ಹತ್ತರಿಂದ ಮೇಲ್ಮೈಗೆ ಬರುವಾಗ ಎರಡರಷ್ಟು. ಈಜುಕೊಳದ ಆಳದಲ್ಲೂ ಇಂಥ ಗಾಯ ಆದದ್ದುಂಟು. ಸ್ಕೂಬಾದ ಮೊದಲ ನಿಯಮ 'ಉಸಿರು ಎಂದೂ ಬಿಗಿಹಿಡಿಯಬೇಡಿ' ಎಂದಿರುವುದು ಇದಕ್ಕೇ. ಕಾರಣ ಗೊತ್ತಿದ್ದವನಿಗೆ ಗಾಬರಿಯ ಹೊತ್ತಿನಲ್ಲೂ ಅದು ನೆನಪಾಗುತ್ತದೆ.

ಕಿವಿಯದೂ ಇದೇ ಕತೆ. ಆಗುಂಬೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುತ್ತದಲ್ಲ, ಇಡೀ ಘಟ್ಟದ ಆ ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರಿಗೂ ಮೊದಲೇ ಎದುರಾಗುತ್ತದೆ. ನೋವು ಬರುವವರೆಗೆ ಕಾಯದೆ, ಮೂಗು ಹಿಡಿದು ಮೆಲ್ಲನೆ ಊದಿ ಕಿವಿ ಬಿಡಿಸಿಕೊಳ್ಳುತ್ತಲೇ ಇಳಿಯಬೇಕು. ನೆಗಡಿಯಿದ್ದರೆ ಅಂದು ಮುಳುಗುವಂತಿಲ್ಲ.

ಇನ್ನು ಸಾರಜನಕದ ವಿಚಾರ. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆ ಏಳುವುದನ್ನು ನೋಡಿದ್ದೀರಿ. ಒತ್ತಡದಲ್ಲಿ ಕರಗಿದ್ದ ಅನಿಲ, ಒತ್ತಡ ಇಳಿದಾಗ ಹೊರಬರುತ್ತದೆ. ಆಳದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ನಮ್ಮ ರಕ್ತ, ಕೊಬ್ಬುಗಳಲ್ಲಿ ಹೀಗೆಯೇ ಕರಗುತ್ತದೆ. ಬೇಗ ಮೇಲೇರಿದರೆ ಒಳಗೇ ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರಬಹುದು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಮುಳುಗುಗಾರರು ಕೈಗೆ ಕಟ್ಟಿಕೊಳ್ಳುವ ಪುಟ್ಟ ಗಣಕವೂ ಆ ದಾರಿಯಲ್ಲೇ ಲೆಕ್ಕ ಹಾಕುತ್ತದೆ. ನಿಧಾನವಾಗಿ ಏರಿ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವುದು ಈಗಿನ ವಾಡಿಕೆ.

ಇದು ನಿಮ್ಮ ಪ್ರವಾಸದ ವೇಳಾಪಟ್ಟಿಗೂ ತಟ್ಟುತ್ತದೆ. ನೀರಿನಿಂದ ಹೊರಬಂದ ಮೇಲೂ ಉಳಿದ ಸಾರಜನಕ ಹೊರಹೋಗಲು ಗಂಟೆಗಟ್ಟಲೆ ಬೇಕು. ವಿಮಾನದೊಳಗಿನ ಒತ್ತಡ ನೆಲದ ಒತ್ತಡಕ್ಕಿಂತ ಕಡಿಮೆ. ಆದ್ದರಿಂದ ಒಂದೇ ಮುಳುಗಿನ ನಂತರ ಕನಿಷ್ಠ 12 ಗಂಟೆ, ಹಲವು ಮುಳುಗುಗಳ ನಂತರ ಕನಿಷ್ಠ 18 ಗಂಟೆ ವಿಮಾನ ಏರಬಾರದು. ಅಂಡಮಾನಿನ ಕೊನೆಯ ದಿನವನ್ನು ನೋಡಲಿಕ್ಕೆ, ತಿರುಗಲಿಕ್ಕೆ ಇಟ್ಟುಕೊಳ್ಳಿ. ನೇತ್ರಾಣಿಗೆ ಹೋಗುವವರು ವಿಮಾನವಿಲ್ಲವೆಂದು ನಿರಾಳವಾಗುವಂತಿಲ್ಲ. ಮುಳುಗಿದ ಸಂಜೆಯೇ ಬಸ್ಸು ಹಿಡಿದರೆ ಘಟ್ಟ ಹತ್ತಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎಷ್ಟು ಹೊತ್ತು ಕಾಯಬೇಕೆಂದು ಬೋಧಕರನ್ನು ಕೇಳಿಯೇ ಟಿಕೆಟ್ ಮಾಡಿಸಿ. ಒಂದು ರಾತ್ರಿ ಕರಾವಳಿಯಲ್ಲಿ ಉಳಿಯುವುದಂತೂ ನಷ್ಟವಲ್ಲ, ಊಟವೂ ಚೆನ್ನಾಗಿರುತ್ತದೆ.

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಇಪ್ಪತ್ತು ಮೀಟರ್ ಆಳದಲ್ಲಿ ಒತ್ತಡ ಮೂರು ವಾಯುಭಾರ. ಹಾಗಾದರೆ ಮೇಲ್ಮೈಯಲ್ಲಿ ಒಂದು ಗಂಟೆ ಬರುವ ಸಿಲಿಂಡರ್ ಅಲ್ಲಿ ಎಷ್ಟು ನಿಮಿಷ ಬರುತ್ತದೆ? ಇಂಥವನ್ನು ನೀವೇ ಲೆಕ್ಕ ಮಾಡಿ ನೋಡಿ. ತಪ್ಪಿದ ಪ್ರಶ್ನೆಗಳನ್ನು ಗುರುತು ಹಾಕಿಟ್ಟುಕೊಂಡು, ಹೋದ ದಿನವೇ ಬೋಧಕರಲ್ಲಿ ಕೇಳಿ. ಅವರೂ ನಿಮ್ಮನ್ನು ಕೇಳುತ್ತಾರೆ.

ಪಾಠದ ಜೊತೆಗೆ ಆರೋಗ್ಯದ ಪ್ರಶ್ನಾವಳಿಯೊಂದು ಬರುತ್ತದೆ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಈಚಿನ ಶಸ್ತ್ರಚಿಕಿತ್ಸೆ ಮುಂತಾದವನ್ನು ಅದು ಕೇಳುತ್ತದೆ. ಅವಕಾಶ ತಪ್ಪೀತೆಂದು ಎಲ್ಲದಕ್ಕೂ 'ಇಲ್ಲ' ಎಂದು ಬರೆಯುವವರಿದ್ದಾರೆ. ಆಸ್ತಮಾದಲ್ಲಿ ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡರೆ, ಬಾಯಿ ತೆರೆದಿದ್ದರೂ ಉಸಿರು ಬಿಗಿಹಿಡಿದಂತೆಯೇ. ಅನುಮಾನವಿದ್ದರೆ ಪ್ರಶ್ನಾವಳಿಯನ್ನು ನಿಮ್ಮ ಊರಿನ ವೈದ್ಯರಿಗೆ ತೋರಿಸಿ, ಅವರ ಸಹಿಯಿರುವ ಪತ್ರವನ್ನು ಹೊರಡುವ ಮೊದಲೇ ಪಡೆದುಕೊಳ್ಳಿ. ದೋಣಿ ಹೊರಡುವ ಬೆಳಿಗ್ಗೆ ಅದಕ್ಕೆ ಹೊತ್ತಿರುವುದಿಲ್ಲ.