ಪಾದರಕ್ಷೆ ಹೊಲಿದ ಸಭಾಪಾಲಕ

ದುಡಿಮೆಯಿಂದ ಹೊಟ್ಟೆ ಹೊರೆದುಕೊಳ್ಳುತ್ತ ದೇವರ ವಾಕ್ಯವನ್ನು ಸಾರುವುದು ಕ್ರೈಸ್ತ ಪರಂಪರೆಗೆ ಹೊಸದೇನಲ್ಲ. ಪ್ರೇಷಿತರಾದ ಸಂತ ಪೌಲರು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಲ್ಲಿದ್ದುಕೊಂಡೇ ಶುಭಸಂದೇಶ ಸಾರಿದರು. ಆದರೆ ಪೌಲರಿಗೆ ಸಂಸಾರದ ಹೊಣೆಯಿರಲಿಲ್ಲ. ಸೇವೆ, ದುಡಿಮೆ, ಸಂಸಾರ ಈ ಮೂರನ್ನೂ ಒಬ್ಬನೇ ಹೊತ್ತಾಗ ಏನಾಗುತ್ತದೆ? ಬ್ರಹ್ಮಚಾರಿಗಳಾದ ಗುರುಗಳನ್ನೇ ಕಂಡು ಬೆಳೆದ ನಾವು ಇದನ್ನರಿಯಲು ಸೋದರ ಸಭೆಯೊಂದರ ಪಾಲಕರಾದ ವಿಲಿಯಂ ಕೇರಿಯವರ ಬಾಳಿನತ್ತ ದೃಷ್ಟಿ ಹರಿಸುವುದು ಉಚಿತ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತದಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ಪಾದರಕ್ಷೆ ಹೊಲಿಯುವ ಕಸುಬು ಕಲಿತರು. 1781ರಲ್ಲಿ ಡೊರೊತಿ ಪ್ಲಾಕೆಟ್ ಎಂಬಾಕೆಯನ್ನು ವರಿಸಿದರು. ಓದು ಬರಹ ಬಾರದ ಆಕೆ ವಿವಾಹದ ದಾಖಲೆಯಲ್ಲಿ ಸಹಿಗೆ ಬದಲಾಗಿ ಶಿಲುಬೆಯ ಗುರುತು ಹಾಕಿದರು. ಮೌಲ್ಟನ್ ಗ್ರಾಮದ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾದ ಮೇಲೂ ಸಂಬಳ ಸಾಲದೆ, ಕೇರಿಯವರು ಶಾಲೆ ನಡೆಸಿದರು, ಪಾದರಕ್ಷೆ ಹೊಲಿದರು. ಕಸುಬಿನ ಕೋಣೆಯ ಗೋಡೆಗೆ ತಾವೇ ಬರೆದ ಜಗತ್ತಿನ ಭೂಪಟವನ್ನು ಅಂಟಿಸಿ, ದೂರದ ಜನರಿಗಾಗಿ ಪ್ರಾರ್ಥಿಸುತ್ತಿದ್ದರು.

1792ರಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವು ಸ್ಥಾಪನೆಗೊಂಡಿತು. ಕೇರಿಯವರು ಭಾರತಕ್ಕೆ ಹೊರಡಲು ನಿಶ್ಚಯಿಸಿದಾಗ ತುಂಬು ಗರ್ಭಿಣಿಯಾಗಿದ್ದ ಡೊರೊತಿ ಒಪ್ಪಲಿಲ್ಲ. ಪತಿಯು ಹಿರಿಯ ಮಗನೊಬ್ಬನನ್ನು ಕರೆದುಕೊಂಡು ಹಡಗು ಹತ್ತಿಯೇಬಿಟ್ಟರು! ಪರವಾನಗಿಯಿಲ್ಲದ ಕಾರಣ ಕೆಳಗಿಳಿಯಬೇಕಾಯಿತು. ಅಷ್ಟರಲ್ಲಿ ಡೊರೊತಿಗೆ ಹೆರಿಗೆಯಾಗಿತ್ತು. ಸೋದರಿಯು ಜೊತೆಗೆ ಬರುವುದಾದರೆ ತಾನೂ ಬರುವೆನೆಂದು, ಎಳೆಯ ಕೂಸನ್ನೆತ್ತಿಕೊಂಡು ಆಕೆ 1793ರ ಜೂನ್‌ನಲ್ಲಿ ಸಮುದ್ರಯಾನಕ್ಕೆ ಹೊರಟರು. ಐದು ತಿಂಗಳ ಬಳಿಕ ಕುಟುಂಬವು ಕಲ್ಕತ್ತವನ್ನು ತಲುಪಿತು.

ಬಂಗಾಳದಲ್ಲಿಯೂ ಕೇರಿಯವರು ದುಡಿದೇ ಉಂಡರು. ಮಾಲ್ದಾ ಸಮೀಪದ ಮದನಾಬತಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಕರಾದರು. 1794ರಲ್ಲಿ ಅಲ್ಲಿಯೇ ಐದು ವರ್ಷದ ಮಗ ಪೀಟರ್ ಆಮಶಂಕೆಗೆ ಬಲಿಯಾದನು. ಇಬ್ಬರು ಹೆಣ್ಣುಮಕ್ಕಳನ್ನು ಇಂಗ್ಲೆಂಡಿನಲ್ಲಿಯೇ ಕಳೆದುಕೊಂಡಿದ್ದ ತಾಯಿಯ ಮನಸ್ಸು ಮತ್ತೆ ಚೇತರಿಸಿಕೊಳ್ಳಲಿಲ್ಲ. ಬುದ್ಧಿಭ್ರಮಣೆಗೆ ಒಳಗಾದ ಆಕೆಯನ್ನು ಕೇರಿಯವರು ಮನೆಯಲ್ಲಿಯೇ ಇರಿಸಿಕೊಂಡರು. 1800ರಿಂದ ಶ್ರೀರಾಂಪುರವು ಅವರ ಕಾರ್ಯಕ್ಷೇತ್ರವಾಯಿತು. ಒಂದು ಕೋಣೆಯಲ್ಲಿ ಪತ್ನಿಯ ಕೂಗಾಟ, ಪಕ್ಕದ ಕೋಣೆಯಲ್ಲಿ ಪತಿಯ ಅನುವಾದ. ಮಕ್ಕಳ ಶಿಸ್ತನ್ನು ಬಹುಪಾಲು ನೋಡಿಕೊಂಡವರು ಸಹೋದ್ಯೋಗಿಗಳಾದ ವಿಲಿಯಂ ವಾರ್ಡ್ ಹಾಗೂ ಹನ್ನಾ ಮಾರ್ಷ್‌ಮನ್. 1807ರ ಡಿಸೆಂಬರ್ 8ರಂದು ಡೊರೊತಿ ಕಣ್ಮುಚ್ಚಿದರು.

ಕೇರಿಯವರ ಸಾಧನೆ ಅಲ್ಪವಾದುದಲ್ಲ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಅದೇ ವರ್ಷ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 500 ರೂಪಾಯಿ ಮಾಸಿಕ ವೇತನದ ಅಧ್ಯಾಪಕರಾದ ಅವರು, ಗಳಿಕೆಯ ಬಹುಭಾಗವನ್ನು ಮಿಷನ್ನಿನ ಸಾಮಾನ್ಯ ನಿಧಿಗೆ ಒಪ್ಪಿಸಿದರು. ಕನ್ನಡಿಗರಾದ ನಾವೂ ಅವರಿಗೆ ಋಣಿಗಳು. 1812ರ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ಅವರು ಎದೆಗುಂದದೆ ಮತ್ತೆ ಲೇಖನಿ ಹಿಡಿದರು. ಅವರು ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. 1834ರಲ್ಲಿ ಅವರು ನಿಧನರಾದರು.

ಈ ಮಹನೀಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅವರ ಕೀರ್ತಿಯ ಬೆಲೆಯಲ್ಲಿ ಒಂದು ಪಾಲನ್ನು ಡೊರೊತಿ ತೆತ್ತರೆಂಬುದನ್ನು ಮರೆಯಲಾಗದು. ಆಕೆಯ ಒಪ್ಪಿಗೆಗೆ ಕಾಯದೆಯೇ ಮೊದಲ ಹಡಗು ಹತ್ತಲಾಗಿತ್ತು.

ನಮ್ಮ ಧರ್ಮಸಭೆಯು ಈ ವಿಷಯದಲ್ಲಿ ವಿವೇಕವನ್ನು ತೋರಿದೆ. ವಿವಾಹಿತ ಪುರುಷರಿಗೂ ಶಾಶ್ವತ ಡೀಕನ್ ಪದವಿಯನ್ನು ನೀಡಲು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ದಾರಿ ತೆರೆಯಿತು. ಅಂಥವನಿಗೆ 35 ವರ್ಷ ತುಂಬಿರಬೇಕು, ಪತ್ನಿಯ ಸಮ್ಮತಿಯೂ ಇರಬೇಕು ಎಂದು 1983ರ ಧರ್ಮಸಭಾ ಕಾನೂನು ಸಂಹಿತೆ ವಿಧಿಸುತ್ತದೆ.

ಪತ್ನಿಯ ಸಮ್ಮತಿಯೆಂಬ ಈ ಮಾತು ಡೀಕನರಿಗೆ ಮಾತ್ರ ಸೀಮಿತವಾಗಬೇಕೆ? ಹಗಲೆಲ್ಲ ದುಡಿದು, ಸಂಜೆ ಪಾಲನಾ ಸಮಿತಿ, ಧರ್ಮೋಪದೇಶ, ಗಾಯನವೃಂದಗಳೆಂದು ಓಡಾಡುವ ಗೃಹಸ್ಥರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರ ಸೇವೆ ಸ್ತುತ್ಯರ್ಹ. ಆದರೆ ಅವರು ಮನೆಗೆ ಮರಳುವ ಹೊತ್ತಿಗೆ ಮಕ್ಕಳು ನಿದ್ರಿಸಿರುತ್ತಾರೆಯೆ? ಪತ್ನಿಯ ಮನಸ್ಸಿನ ಭಾರವನ್ನು ಕೇಳುವವರು ಯಾರು? ಮುಂದಿನ ಹೊಣೆಯನ್ನು ಒಪ್ಪಿಕೊಳ್ಳುವ ಮುನ್ನ ಮನೆಯಾಕೆಯ ಮಾತನ್ನು ಕೇಳಿರಿ. ಹೊಣೆ ಒಪ್ಪಿಸುವ ಗುರುಗಳೂ ಒಮ್ಮೆ ಆ ಮನೆಗೆ ಹೋಗಿ ಬರಲಿ.

ಜನವರಿಯ ಕ್ರೈಸ್ತೈಕ್ಯ ಸಪ್ತಾಹದಲ್ಲಿ ಸೋದರ ಸಭೆಗಳಿಗಾಗಿ ಪ್ರಾರ್ಥಿಸುವಾಗ ವಿಲಿಯಂ ಕೇರಿಯವರನ್ನು ಕೃತಜ್ಞತೆಯಿಂದ ಸ್ಮರಿಸೋಣ. ಜೊತೆಯಲ್ಲಿಯೇ ಡೊರೊತಿಯ ಹೆಸರನ್ನೂ ಹೇಳೋಣ.