ಪಾಸ್ತಾ ಬಸಿದ ನೀರು ಚೆಲ್ಲಬೇಡಿ

ಬಸ್ಸಾರು ಮಾಡುವ ಮನೆಯಲ್ಲಿ ಸೊಪ್ಪು, ಕಾಳು ಬೆಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಸಾರಿನ ಜೀವವೇ ಆ ಕಟ್ಟು. ಅದೇ ಮನೆಯಲ್ಲಿ ಪಾಸ್ತಾ ಬೇಯಿಸಿದ ರಾತ್ರಿ ಮಾತ್ರ ತಪ್ಪಲೆಯನ್ನು ಸಿಂಕಿಗೆ ಬಗ್ಗಿಸಿ ಅಷ್ಟೂ ನೀರನ್ನು ಸುರಿದುಬಿಡುತ್ತೇವೆ. ನಾನೂ ಎಷ್ಟೋ ದಿನ ಹಾಗೇ ಮಾಡಿದೆ. ತಟ್ಟೆಯಲ್ಲಿ ಎಣ್ಣೆ ಒಂದು ಕಡೆ, ಟೊಮೆಟೊ ನೀರು ಇನ್ನೊಂದು ಕಡೆ, ನಡುವೆ ಒಣಒಣ ಪಾಸ್ತಾ. ಇವನ್ನೆಲ್ಲ ಒಂದುಗೂಡಿಸಬೇಕಾದದ್ದು ಆಗಲೇ ಚರಂಡಿ ಸೇರಿರುತ್ತಿತ್ತು.

ಪಾಸ್ತಾ ಆಗುವುದು ಡ್ಯೂರಮ್ ಗೋಧಿಯ ರವೆಯಿಂದ. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ತಂದರು. ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿ ಇದಕ್ಕೆ ಹತ್ತಿರದ ನಂಟ; ಎರಡರ ಜೀವಕೋಶದಲ್ಲೂ 28 ಕ್ರೋಮೋಸೋಮುಗಳು, ಸಾಮಾನ್ಯ ಚಪಾತಿ ಗೋಧಿಯಲ್ಲಿ 42. ಡ್ಯೂರಮ್ ಕಾಳು ಗಟ್ಟಿ, ಪ್ರೋಟೀನು ಹೆಚ್ಚು. ರವೆಗೆ ನೀರು ಬಿದ್ದು ನಾದಿದಾಗ ಆ ಪ್ರೋಟೀನು ಗ್ಲುಟೆನ್ ಎಂಬ ಬಲೆಯಾಗುತ್ತದೆ, ಬಲೆಯ ಕಣ್ಣುಗಳಲ್ಲಿ ಪಿಷ್ಟದ ಕಣಗಳು ಸಿಕ್ಕಿಕೊಳ್ಳುತ್ತವೆ.

ಕುದಿನೀರಿಗೆ ಬಿದ್ದೊಡನೆ ಒಳಗೆ ಎರಡು ಕೆಲಸ ಪೈಪೋಟಿಯಲ್ಲಿ ನಡೆಯುತ್ತವೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಇನ್ನಷ್ಟು ಬಿಸಿಯೇರಿದಾಗ ಗ್ಲುಟೆನ್ ಬಲೆ ಬಿಗಿಯಾಗಿ ನಿಲ್ಲುತ್ತದೆ. ಬಲೆ ಗಟ್ಟಿಯಿದ್ದರೆ ಪಾಸ್ತಾ ಬೆಂದರೂ ಮುದ್ದೆಯಾಗದು. ಆದರೂ ಮೇಲ್ಮೈಯಿಂದ ಒಂದಿಷ್ಟು ಪಿಷ್ಟ, ಮುಖ್ಯವಾಗಿ ಅಮೈಲೋಸ್ ಎಂಬ ಉದ್ದನೆಯ ಎಳೆಯಂಥ ಅಣು, ನೀರಿಗೆ ಇಳಿಯುತ್ತದೆ. ನೀರು ಗಂಜಿಯ ಹಾಗೆ ಮಬ್ಬಾಗುವುದು ಇದರಿಂದ. ಮೊದಲ ಎರಡು ನಿಮಿಷ ಸೌಟಾಡಿಸದಿದ್ದರೆ ಇದೇ ಪಿಷ್ಟ ತುಂಡುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಟದಿರಲಿ ಎಂದು ನೀರಿಗೆ ಎಣ್ಣೆ ಹಾಕುವವರಿದ್ದಾರೆ. ಅದು ಮೇಲೆ ತೇಲುತ್ತದೆ, ಅಷ್ಟೆ. ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗುತ್ತದೆ ಎಂಬ ಮಾತಿನಲ್ಲೂ ಹುರುಳಿಲ್ಲ. ಲೀಟರಿಗೆ 10 ಗ್ರಾಂ ಉಪ್ಪು ಕುದಿಬಿಂದುವನ್ನು 0.2 ಡಿಗ್ರಿಯಷ್ಟೂ ಏರಿಸದು. ಉಪ್ಪು ಬೇಕಾದದ್ದು ರುಚಿಗೆ: ಪಾಸ್ತಾ ಕುಡಿಯುವ ನೀರಿನೊಂದಿಗೆ ಅದೂ ಒಳಗೆ ಹೋಗುತ್ತದೆ. ಬೆಂಗಳೂರಿನವರು ಒಂದು ನೆನಪಿಡಬೇಕು. ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪೊಟ್ಟಣದಲ್ಲಿ ಬರೆದಿರುವುದಕ್ಕಿಂತ ತುಸು ಹೆಚ್ಚು ಹೊತ್ತು ಬೇಕಾದೀತು; ಒಂದು ತುಂಡು ಕಚ್ಚಿ ನೋಡುವುದೇ ಸರಿ.

ತರಕಾರಿಗೆ ಬೇರೆ ಪಾತ್ರೆ ಬೇಡ. ಪಾಸ್ತಾ ಬೇಯಲು ಮೂರ್ನಾಲ್ಕು ನಿಮಿಷ ಇರುವಾಗ ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್, ಬಟಾಣಿಯನ್ನು ಅದೇ ನೀರಿಗೆ ಹಾಕಬಹುದು. ಹೆಚ್ಚು ಹೊತ್ತು ಬೆಂದರೆ ಹರಿತ್ತಿನ ಅಣುವಿನ ನಡುವಿನ ಮೆಗ್ನೀಷಿಯಂ ಕಳಚಿ ಹಸಿರು ಮಂಕಾಗುತ್ತದೆ. ಟೊಮೆಟೊ ಮಾತ್ರ ಈ ತಪ್ಪಲೆಗೆ ಬೀಳಕೂಡದು. ಅದರ ಹುಳಿ ಹಸಿರನ್ನು ಇನ್ನೂ ಬೇಗ ಕೆಡಿಸುವುದಲ್ಲದೆ, ತರಕಾರಿಯ ಕೋಶಗಳನ್ನು ಹಿಡಿದಿರುವ ಪೆಕ್ಟಿನ್ ಕರಗದಂತೆ ತಡೆಯುತ್ತದೆ. ಬೀನ್ಸ್ ಬೇಯದೆ ಉಳಿಯುತ್ತದೆ. ಟೊಮೆಟೊ, ಬೆಳ್ಳುಳ್ಳಿ ಪಕ್ಕದ ಬಾಣಲೆಯಲ್ಲಿ ಎಣ್ಣೆಯೊಂದಿಗೆ ಬಾಡಲಿ. ಟೊಮೆಟೊದ ಕೆಂಪು ಬಣ್ಣವಾದ ಲೈಕೋಪೀನ್ ಎಣ್ಣೆಯಲ್ಲಿ ಬೆಂದಾಗಲೇ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಈಗ ಆ ನೀರಿನ ಸರದಿ. ಬಸಿಯುವ ಮುಂಚೆ ಒಂದು ಲೋಟ ತೆಗೆದಿಡಿ. ಪಾಸ್ತಾ, ತರಕಾರಿ ಬಾಣಲೆಗೆ ಬಿದ್ದ ಮೇಲೆ ಒಂದು ಸೌಟು ನೀರು ಹೊಯ್ದು ಜೋರಾಗಿ ಕಲಕಿ. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಬರೀ ನೀರಾಗಿದ್ದರೆ ಆ ಹನಿಗಳು ಮತ್ತೆ ಒಂದಾಗಿ ಮೇಲೆ ಬರುತ್ತಿದ್ದವು. ಪಿಷ್ಟದಿಂದ ದಪ್ಪಗಾದ ನೀರು ಅವು ಕೂಡಿಕೊಳ್ಳದಂತೆ ತಡೆಯುತ್ತದೆ. ಕ್ಷಣಗಳಲ್ಲಿ ಅದು ಹೊಳೆಯುವ ಗೊಜ್ಜಾಗಿ ಪ್ರತಿ ತುಂಡಿಗೂ ಹತ್ತುತ್ತದೆ. ಆ ಬದಲಾವಣೆ ನೋಡುವುದೇ ನನಗೆ ಪ್ರತಿ ಸಲ ಖುಷಿ.

ಚೀಸ್ ಹಾಕುವುದಾದರೆ ಒಲೆ ಆರಿಸಿ ಹಾಕಿ. ಹೆಚ್ಚು ಬಿಸಿಗೆ ಅದರ ಪ್ರೋಟೀನು ಗಂಟುಗಟ್ಟುತ್ತದೆ. ಪಿಷ್ಟ ಇದನ್ನೂ ತಡೆಯಬಲ್ಲದು. ಚೀಸ್ ಮತ್ತು ಕಾಳುಮೆಣಸಿನ ರೋಮ್ ನಗರದ ಪಾಸ್ತಾ ‘ಕಾಚೊ ಎ ಪೆಪೆ’ಯನ್ನು ಭೌತವಿಜ್ಞಾನಿಗಳ ತಂಡವೊಂದು ಪರೀಕ್ಷಿಸಿ, ಚೀಸಿನ ತೂಕದ ಶೇ. 2ರಿಂದ 3ರಷ್ಟು ಪಿಷ್ಟವಿದ್ದರೆ ಗಂಟು ಕಟ್ಟದೆಂದು 2025ರಲ್ಲಿ ಪ್ರಕಟಿಸಿತು. ಹೆಚ್ಚು ನೀರಿನಲ್ಲಿ ಬೇಯಿಸಿದರೆ ಪಿಷ್ಟ ತೆಳುವಾಗಿ ಹರಡಿಹೋಗುತ್ತದೆ. ಅದಕ್ಕೇ ನಾನು 200 ಗ್ರಾಂ ಪಾಸ್ತಾಕ್ಕೆ ಒಂದೂವರೆ ಲೀಟರ್ ನೀರು ಮೀರುವುದಿಲ್ಲ.

ಲೋಟದಲ್ಲಿ ಉಳಿದದ್ದನ್ನು ಊಟ ಮುಗಿಯುವವರೆಗೂ ಪಕ್ಕದಲ್ಲಿಡಿ. ತಟ್ಟೆಗೆ ಬಡಿಸಿದ ಮೇಲೂ ಪಾಸ್ತಾ ನೀರು ಕುಡಿಯುತ್ತಲೇ ಇರುತ್ತದೆ. ತಡವಾಗಿ ಊಟಕ್ಕೆ ಕೂರುವವರ ಪಾಲು ಒಣಗಿದ್ದರೆ ಎರಡು ಚಮಚ ಹಾಕಿ ಬಿಸಿ ಮಾಡಿದರಾಯಿತು.